ಫೆಸ್ ನಗರದಲ್ಲಿ ಹಾಕಿದ ಅಂಜನ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ದೆವ್ವ, ಮಾಟ, ಶಕುನ ಎಂದು ಮಾತಾಡುವವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವನು ನಾನು. ಹೈದರಾಬಾದಿನ ಕುಷಾಯಿಗೂಡದ ಕಾರ್ಖಾನೆಯಲ್ಲಿ ಇದ್ದಷ್ಟು ಕಾಲವೂ ನನ್ನದು ಪರೀಕ್ಷಾ ವಿಭಾಗ. ಮೀಟರಿನ ಮುಳ್ಳು ಅಲ್ಲಾಡಿದರೆ ಉಂಟು, ಅಲ್ಲಾಡದಿದ್ದರೆ ಇಲ್ಲ. ಬದುಕಿಗೂ ಅಷ್ಟು ಸಾಕು ಎಂದುಕೊಂಡಿದ್ದೆ. ಓದುವ ನೀವೂ ಅದೇ ಜಾತಿಯವರಾದರೆ ನನ್ನನ್ನು ನೋಡಿ ಧಾರಾಳವಾಗಿ ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಅಂಜನ ಹಾಕುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು. ಮನೆಯಲ್ಲಿ ಏನಾದರೂ ಕಳೆದರೆ, ಯಾರಾದರೂ ಕಾಣೆಯಾದರೆ, ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಹೆಬ್ಬೆರಳಿನ ಉಗುರಿಗೆ ಹಚ್ಚಿ ಒಬ್ಬರನ್ನು ನೋಡಲು ಕೂರಿಸುತ್ತಾರೆ. ಆ ಕರಿ ಹೊಳಪಿನೊಳಗೆ ಕಳೆದದ್ದು ಎಲ್ಲಿದೆಯೆಂದು ಕಾಣುತ್ತದಂತೆ. ಎಲ್ಲರಿಗೂ ಅಲ್ಲ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರಿಗೆ. ನನ್ನ ಗ್ರಹಚಾರಕ್ಕೆ ನಾನು ಹಾಗೆ ಹುಟ್ಟಿದವನು. ಯಾದಗಿರಿಯಲ್ಲಿದ್ದ ನಮ್ಮ ಸೋದರಮಾವ ನಾನು ಹುಡುಗನಾಗಿದ್ದಾಗ ಓಣಿಯಲ್ಲಿ ಯಾರ ಎಮ್ಮೆ ತಪ್ಪಿಸಿಕೊಂಡರೂ ನನ್ನನ್ನು ಹಿಡಿದು ಕೂರಿಸುತ್ತಿದ್ದ. ನನಗೆ ಕಾಣುತ್ತಿದ್ದದ್ದು ನನ್ನ ಉಗುರು ಮಾತ್ರ. ಏನೂ ಹೇಳದಿದ್ದರೆ ಏಳಲು ಬಿಡುತ್ತಿರಲಿಲ್ಲವಾದ್ದರಿಂದ, "ಬಾವಿ ಕಾಣ್ತೈತಿ" ಎಂದುಬಿಡುತ್ತಿದ್ದೆ. ಯಾವ ಊರಲ್ಲಿ ಬಾವಿಯಿರುವುದಿಲ್ಲ? ಎಮ್ಮೆ ತಾನಾಗಿ ಮನೆಗೆ ಬರುತ್ತಿತ್ತು, ಹೆಸರು ನನಗೆ ಬರುತ್ತಿತ್ತು. ಈ ವ್ಯಾಪಾರವನ್ನು ಒಳಗಿನಿಂದಲೇ ನೋಡಿದವನು ನಂಬುವುದಾದರೂ ಹೇಗೆ?

ನಿವೃತ್ತನಾದ ಮೇಲೆ ಹೆಂಡತಿ ಸುಧಾಳ ಒತ್ತಾಯಕ್ಕೆ ಮೊರಾಕ್ಕೊ ಪ್ರವಾಸಕ್ಕೆ ಹೆಸರು ಕೊಟ್ಟೆ. ಮರಾಕೆಶ್, ಮೆಕ್ನೆಸ್, ಫೆಸ್ ಎಂಬ ಹಳೆಯ ಊರುಗಳು, ಕೋಟೆ ಬಾಗಿಲುಗಳು, ಮದರಸಾಗಳು, ಬಜಾರುಗಳು. ಹೈದರಾಬಾದಿನಿಂದ ಹೊರಟ ನಮ್ಮ ತಂಡದಲ್ಲಿ ಹೆಚ್ಚಿನವರು ತೆಲುಗಿನವರು. ಕನ್ನಡದವರೆಂದರೆ ನಾವಿಬ್ಬರು, ಜೊತೆಗೆ ಅದೇ ಊರಿನ ಮೆಹದಿಪಟ್ಟಣಂನಿಂದ ಬಂದಿದ್ದ ಮಲ್ಲಣ್ಣ ಮತ್ತು ಅವರ ಹೆಂಡತಿ ಶಾಂತಕ್ಕ. ನಮಗಿಂತ ಹಿರಿಯರು. ಮಲ್ಲಣ್ಣ ಸರ್ವೇ ಇಲಾಖೆಯಲ್ಲಿದ್ದು ಹೈದರಾಬಾದಿನ ಅರ್ಧ ಗಲ್ಲಿಗಳನ್ನು ಸರಪಳಿ ಹಿಡಿದು ಅಳೆದವರು. ಈಗ ಅವರಿಗೆ ಮರೆವಿನ ಕಾಯಿಲೆ. ಊಟ ಮಾಡಿ ಕೈತೊಳೆದು ಬಂದು ಮತ್ತೆ ತಟ್ಟೆ ಹಿಡಿಯುತ್ತಿದ್ದರು. "ಪೂರಾ ಮರಿಯೂದ್ರಾಗ ನಾಕು ಊರು ನೋಡ್ಲಿ ಅಂತ ಕರ್ಕೊಂಡು ಬಂದೀನಿ. ಅವ್ರಿಗೆ ನೆನಪು ಉಳೀಲಿಲ್ಲಂದ್ರೂ ನನಗ ಉಳೀತೈತಿ" ಎಂದಿದ್ದರು ಶಾಂತಕ್ಕ. ವಿಮಾನದಲ್ಲಿ ಅಕ್ಕ ಎಂದು ಕರೆದ ನನಗೆ ಮರಾಕೆಶ್ ತಲುಪುವ ಹೊತ್ತಿಗೆ ತಮ್ಮಾ ಎನ್ನತೊಡಗಿದ್ದರು.

ಮೆಕ್ನೆಸ್‌ನಲ್ಲಿ ಊಟದ ಮೇಜಿನ ಸುತ್ತ ಕೂತಾಗ ನನ್ನ ಅಂಜನದ ಕಥೆಗಳನ್ನು ಎಲ್ಲರಿಗೂ ಹಿಂದಿಯಲ್ಲಿ ಬಣ್ಣ ಕಟ್ಟಿ ಹೇಳಿದೆ. ಎಮ್ಮೆ, ಮಾವ, ಬಾವಿ ಎಲ್ಲವೂ ಬಂದವು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶಾಂತಕ್ಕ ಮಾತ್ರ ನಗಲಿಲ್ಲ. ನನಗೆ ಅದು ಆಗ ಹೊಳೆಯಲೂ ಇಲ್ಲ.

ಫೆಸ್‌ನ ಹಳೆಯ ಪೇಟೆಯೊಳಗೆ ಕಾರು ಬರುವುದಿಲ್ಲ, ಸಾಮಾನೆಲ್ಲ ಕತ್ತೆಯ ಮೇಲೆ. ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕು. "ನಮ್ಮ ಹೈದರಾಬಾದಿನ ಲಾಡ್ ಬಜಾರು ನಾಕು ಪಟ್ಟು ಹಿಗ್ಗಿಸಿ ಮ್ಯಾಲೆ ಚಪ್ಪರ ಹಾಕಿದಂಗ ಐತ್ರಿ" ಎಂದಳು ಸುಧಾ. ಅಲ್ಲಿನ ಮಾರ್ಗದರ್ಶಿ ಇದ್ರಿಸ್ ಎಂಬಾತ, ಒಬ್ಬರ ಹಿಂದೆ ಒಬ್ಬರು ಬನ್ನಿ, ಇಲ್ಲಿ ಇಲ್ಲಿಯವರೇ ದಾರಿ ತಪ್ಪುತ್ತಾರೆ ಎಂದು ಎಚ್ಚರಿಸಿದ. ಮಸಾಲೆ ಪೇಟೆಯಲ್ಲಿ ಶಾಂತಕ್ಕ ಕಣ್ಣಿಗೆ ಹಚ್ಚುವ ಕಪ್ಪು ಪುಡಿ, ಒಂದು ಪೊಟ್ಟಣ ಸುರ್ಮಾ, ಕೊಂಡರು. ಕೊಂಡು ತಿರುಗಿ ನೋಡಿದರೆ ಮಲ್ಲಣ್ಣ ಇಲ್ಲ.

ಇದ್ರಿಸ್ ಒಂದು ದಿಕ್ಕಿಗೆ, ನಮ್ಮ ಟೂರ್ ಮ್ಯಾನೇಜರ್ ಇನ್ನೊಂದು ದಿಕ್ಕಿಗೆ ಓಡಿದರು. ನಮ್ಮನ್ನು ಒಂದು ಚಹಾದಂಗಡಿಯಲ್ಲಿ ಕೂರಿಸಿದ್ದರು. ಮಲ್ಲಣ್ಣನವರ ಬಳಿ ಫೋನಿಲ್ಲ. ಯಾರಾದರೂ ಕೇಳಿದರೆ ತಮ್ಮ ಹೆಸರು ಹೇಳುತ್ತಾರೆಂಬ ಖಾತ್ರಿಯೂ ಇಲ್ಲ. ಬಹಳ ಹೊತ್ತಾದ ಮೇಲೆ ಇಬ್ಬರೂ ಬರಿಗೈಯಲ್ಲಿ ಬಂದರು. "ಕಂಗಾರು ಪಡಕಂಡಿ ಅಮ್ಮಾ, ದೊರುಕುತಾರು" ಎಂದು, ಅಂದರೆ ಗಾಬರಿಯಾಗಬೇಡಿ, ಸಿಗುತ್ತಾರೆ ಎಂದು ಮ್ಯಾನೇಜರ್ ಸಮಾಧಾನ ಹೇಳಿದ.

ಆಗ ಶಾಂತಕ್ಕ ಎದ್ದು ನನ್ನೆದುರು ಬಂದು ಕೂತರು. ರೊಟ್ಟಿ ಅದ್ದಲು ಇಟ್ಟಿದ್ದ ಆಲಿವ್ ಎಣ್ಣೆಯ ಬಟ್ಟಲನ್ನು ಎಳೆದುಕೊಂಡು, ಅಂಗೈಯಲ್ಲೇ ಸುರ್ಮಾ ಕಲಸಿದರು. ನನ್ನ ಬಲಗೈ ಹಿಡಿದು ಹೆಬ್ಬೆರಳಿನ ಉಗುರಿಗೆ ಹಚ್ಚಿದರು. "ನೀ ಕಾಲು ಮುಂದಾಗಿ ಹುಟ್ಟಿದವ ಹೌದಿಲ್ಲೋ ತಮ್ಮಾ? ನೋಡು. ನನ ಸಲುವಾಗಿ ಒಂದ್ಸಲ ನೋಡು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿನ ದಿನ ನಾನು ನಗಿಸಿದ್ದ ಅದೇ ಮಂದಿ ಸುತ್ತ ನಿಂತಿದ್ದರು. ಚಹಾದಂಗಡಿಯವನೂ ಕೆಟಲು ಹಿಡಿದು ಬಂದು ನಿಂತ. ಕೈ ಎಳೆದುಕೊಳ್ಳೋಣವೆಂದರೆ ಆಕೆಯ ಹಿಡಿತ ಬಿಗಿಯಾಗಿತ್ತು. ಆಯಿತು, ನೋಡಿದಂತೆ ಮಾಡಿ ಬಾವಿಯನ್ನೇ ಹೇಳಿಬಿಡೋಣ ಎಂದು ತಲೆ ತಗ್ಗಿಸಿದೆ.

ಉಗುರಿನೊಳಗೆ ಒಬ್ಬ ಮುದುಕ ಕಂಡ. ಚಿತ್ರದ ಹಾಗಲ್ಲ, ಬಾಗಿಲ ಸಂದಿಯಿಂದ ಆಚೆ ಕೋಣೆ ನೋಡಿದ ಹಾಗೆ. ಆತ ನೆಲದ ಮೇಲೆ ಕೂತು, ಪಾದಗಳ ನಡುವೆ ಏನನ್ನೋ ಒತ್ತಿ ಹಿಡಿದು ಉಜ್ಜುತ್ತಿದ್ದ. ಬಾಚಣಿಗೆ. ಅವನ ಪಕ್ಕದಲ್ಲಿ ಮಲ್ಲಣ್ಣ, ಒಂದೇ ಕಾಲಿಗೆ ಬೂಟು, ರೊಟ್ಟಿ ತಿನ್ನುತ್ತಿದ್ದರು. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ಹೇಳುತ್ತಿರುವುದು ನನ್ನದೇ ದನಿಯೆಂದು ನಂಬಲು ಕಷ್ಟವಾಗುತ್ತಿತ್ತು.

ಸುಧಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇದ್ರಿಸ್ ನನ್ನ ಮುಖವನ್ನೇ ದಿಟ್ಟಿಸಿದ. ಕೊಂಬಿನಿಂದ ಬಾಚಣಿಗೆ ಮಾಡುವವನು ತನಗೆ ಗೊತ್ತಿರುವಂತೆ ಈ ಪೇಟೆಯಲ್ಲಿ ಒಬ್ಬನೇ ಉಳಿದಿದ್ದಾನೆ, ನಾವು ಆ ಕಡೆ ಹೋಗಿಯೇ ಇಲ್ಲ ಎಂದ. ಅವನ ಹಿಂದೆ ಹೋದೆವು. ಮಲ್ಲಣ್ಣ ಅಲ್ಲಿದ್ದರು. ಒಂದು ಕಾಲು ಬರಿದು, ಕೈಯಲ್ಲಿ ಅರ್ಧ ರೊಟ್ಟಿ. ಶಾಂತಕ್ಕನನ್ನು ಕಂಡು, "ಎಲ್ಲಿ ಹೋಗಿದ್ದಿ? ನಾ ಎಷ್ಟೊತ್ತು ಕಾಯೂದು?" ಎಂದು ರೇಗಿದರು. ಆಕೆ ಅವರ ಬರಿಗಾಲನ್ನು ಸೆರಗಿನಿಂದ ಒರೆಸುತ್ತ ಅತ್ತರು.

ಸಂತೋಷಪಡಬೇಕಾದ ಹೊತ್ತು. ನನಗಾದದ್ದು ನಾಚಿಕೆ. ಉಳಿದ ಪ್ರವಾಸವೆಲ್ಲ ಜನ ನನ್ನೆದುರು ಮಾತಿನ ದನಿ ತಗ್ಗಿಸಿದರು. ಅಮೀರ್‌ಪೇಟೆಯ ಒಬ್ಬಾಕೆ ಮರಾಕೆಶ್‌ನಲ್ಲಿ ಕಳೆದ ಓಲೆ ಎಲ್ಲಿದೆ ನೋಡಿ ಹೇಳಿ ಎಂದು ಕೇಳಿದಳು, ಹೋಗುವಾಗ ಕಾಲಿಗೂ ಬಿದ್ದಳು. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ, ಬೆಳಿಗ್ಗೆ ಅಂಗಡಿಗಳಲ್ಲಿ ಬಾಚಣಿಗೆ ನೋಡಿದ್ದೆ, ಅಂದಾಜಿಗೆ ಹೇಳಿದೆ ಎನ್ನತೊಡಗಿದೆ. ಅದು ಸುಳ್ಳು, ನಾನು ಬಾಚಣಿಗೆಯನ್ನು ನೋಡಿರಲಿಲ್ಲ. ಸತ್ಯಕ್ಕೆ ಹೆದರಿ ಸುಳ್ಳಿನಿಂದ ನನ್ನ ವೈಚಾರಿಕತೆಯನ್ನು ಕಾಪಾಡಿಕೊಂಡೆ ಅನ್ನಿ.

ಮರುವರ್ಷ ಒಂದು ಬೆಳಿಗ್ಗೆ ಶಾಂತಕ್ಕ ಫೋನು ಮಾಡಿದರು. ಮಲ್ಲಣ್ಣ ಹಾಲು ತರುತ್ತೇನೆಂದು ಮೆಹದಿಪಟ್ಟಣಂ ಬಸ್ ನಿಲ್ದಾಣದ ಕಡೆ ಹೋದವರು ತಿರುಗಿ ಬಂದಿಲ್ಲ. ನಾನೂ ಸುಧಾಳೂ ಹೋದಾಗ ಮನೆ ತುಂಬ ಜನ. ಪೊಲೀಸರಿಗೆ ದೂರು ಕೊಟ್ಟಾಗಿತ್ತು, ಕಾಚಿಗೂಡ ರೈಲು ಸ್ಟೇಷನ್ನಿಗೂ ಆಸ್ಪತ್ರೆಗಳಿಗೂ ಜನ ಹೋಗಿದ್ದರು. ಶಾಂತಕ್ಕ ಅದೇ ಸುರ್ಮಾ ಪೊಟ್ಟಣ ಹಿಡಿದು ಕಾಯುತ್ತಿದ್ದರು.

ಈ ಸಲ ನಾನು ಕೈ ಎಳೆದುಕೊಳ್ಳಲಿಲ್ಲ. ಯಾರು ನಕ್ಕರೂ ನಗಲಿ ಎಂದು ಎಲ್ಲರೆದುರೇ ಚಾಪೆಯ ಮೇಲೆ ಕೂತೆ. ಜೀವಮಾನದಲ್ಲಿ ದೇವರ ಮುಂದೂ ಅಷ್ಟು ಮನಸ್ಸಿಟ್ಟು ಕೂತವನಲ್ಲ. ಏನಾದರೂ ಕಾಣಲಿ, ನನ್ನ ಬುದ್ಧಿ ಹಾಳಾಗಿ ಹೋಗಲಿ, ಒಂದು ಗಲ್ಲಿಯ ಮೂಲೆಯಾದರೂ ಕಾಣಲಿ ಎಂದು ಬೇಡಿಕೊಂಡೆ. ಕುತ್ತಿಗೆ ಸೆಟೆದು ಕಣ್ಣಲ್ಲಿ ನೀರು ಬಂತು. ಏನೂ ಕಾಣಲಿಲ್ಲ.

"ಸರಿಯಾಗಿ ನೋಡೋ ತಮ್ಮಾ" ಎಂದರು.

"ನೋಡಾಕತ್ತೀನಕ್ಕಾ. ಏನೂ ಕಾಣವಲ್ದು."

"ಆವತ್ತು ನಿನಗ ಮನಸಿರಲಿಲ್ಲ, ಆದ್ರೂ ಕಂಡಿತ್ತು. ಇವತ್ತ್ಯಾಕ ಕಾಣವಲ್ದು?"

ಸುಳ್ಳುಸುಳ್ಳೇ ಒಂದು ಜಾಗದ ಹೆಸರು ಹೇಳಿಬಿಡಲೇ ಎಂದು ಕ್ಷಣ ಯೋಚಿಸಿದೆ. ಹೇಳಲಿಲ್ಲ. ಫೆಸ್‌ನಲ್ಲಿ ಕಂಡದ್ದಕ್ಕೆ ನಾಚಿದ್ದೆ, ಇಲ್ಲಿ ಕಾಣದ್ದಕ್ಕೆ ಅದಕ್ಕಿಂತ ಹೆಚ್ಚು ನಾಚಿದೆ. ಮಲ್ಲಣ್ಣ ಇಂದಿಗೂ ಸಿಕ್ಕಿಲ್ಲ.

ಆಕೆಯ ಮನೆಗೆ ಆಗಾಗ ಹೋಗುತ್ತೇವೆ. ಇತ್ತೀಚೆಗೆ ಹೋದಾಗ ಚಹಾ ಕೊಟ್ಟು, ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದವರ ಹಾಗೆ ಕೇಳಿದರು: "ಇಲ್ಲಿ ಕಾಣವಲ್ದಂದ್ರ, ಮತ್ತ ಅಲ್ಲಿಗೇ ಹೋಗಿ ಕುಂತು ನೋಡಿದ್ರ ಕಾಣಬಹುದಿಲ್ಲೋ ತಮ್ಮಾ?"

ಹೈದರಾಬಾದಿನಲ್ಲಿ ಕಳೆದುಹೋದವರನ್ನು ಮೊರಾಕ್ಕೊದಲ್ಲಿ ಹುಡುಕುವುದೇ ಅಕ್ಕಾ ಎಂದು ತಿಳಿಹೇಳಬೇಕಿತ್ತು. ಮೊದಲಿನ ನಾನಾಗಿದ್ದರೆ ಹೇಳುತ್ತಿದ್ದೆ. "ನೋಡೂಣಕ್ಕಾ" ಎಂದೆ.

ಮನೆಗೆ ಬಂದು ಯಾರಿಗೂ ಕಾಣದ ಹಾಗೆ ಕಪಾಟಿನಿಂದ ಪಾಸ್‌ಪೋರ್ಟು ತೆಗೆದು, ಅವಧಿ ಎಲ್ಲಿಯವರೆಗಿದೆ ಎಂದು ನೋಡುತ್ತ ಕೂತಿದ್ದೆ. ಸುಧಾ ಯಾವಾಗ ಹಿಂದೆ ಬಂದು ನಿಂತಳೋ ತಿಳಿಯಲಿಲ್ಲ. ತನ್ನ ಪಾಸ್‌ಪೋರ್ಟನ್ನೂ ತಂದು ನನ್ನದರ ಪಕ್ಕದಲ್ಲಿ ಇಟ್ಟಳು. ನನಗೆ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.