ಅಕ್ಕನ ಪಾಲಿನ ಬಾತ್‌ರೂಮುಗಳು

ಮಾದಾಪುರದ ಹತ್ತಿರದ ಒಂದು ರೆಸಾರ್ಟಿನಲ್ಲಿ ಅಕ್ಕನೂ ನಾನೂ ಕಾಟೇಜುಗಳನ್ನು ಸ್ವಚ್ಛ ಮಾಡುತ್ತಿದ್ದೆವು. ಒಂದರಲ್ಲಿ ಅವಳು ಬಾತ್‌ರೂಮು ತಿಕ್ಕಿದರೆ ನಾನು ಹಾಸಿಗೆ ಹಾಕುತ್ತಿದ್ದೆ, ಮುಂದಿನದರಲ್ಲಿ ಅದಲುಬದಲು. ಬಗ್ಗಿದ ಬೆನ್ನು ಅಷ್ಟರಲ್ಲಿ ನೆಟ್ಟಗಾಗುತ್ತಿತ್ತು.

ಹೊಸ ಸೂಪರ್‌ವೈಸರ್ ಬಂದವನೇ, ಒಬ್ಬರಿಗೆ ಒಂದೇ ಕೆಲಸ ಕೊಟ್ಟರೆ ಬೇಗ ಮುಗಿಯುತ್ತದೆ ಎಂದ. ನನಗೆ ಹಾಸಿಗೆ, ಅಕ್ಕನಿಗೆ ದಿನವಿಡೀ ಬಾತ್‌ರೂಮು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಮನೆಯಲ್ಲಿ ಅವಳ ತಲೆಯನ್ನು ನಾನೇ ಬಾಚುತ್ತಿದ್ದೆ.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ, “ಹಿಂಗೆ ಮಾಡೋದ್ರಲ್ಲಿ ಯಾರಿಗಾದ್ರೂ ಕಷ್ಟ ಇದ್ಯಾ? ಈಗ್ಲೇ ಹೇಳಿ” ಎಂದ. ಅಕ್ಕ ನನ್ನ ಮುಖ ನೋಡಿದಳು. ನೋವು ಎಂದವರನ್ನು ಮನೆಗೆ ಕಳಿಸಿಬಿಡುತ್ತಾರೆಂಬ ಭಯ ಅವಳಿಗೆ. ನಾನು ಹೇಳಬಹುದಿತ್ತು, ನನ್ನ ಮೈ ಗಟ್ಟಿಯಾಗಿತ್ತು. ಆದರೆ ಹೇಳಿದರೆ ಅರ್ಧ ಬಾತ್‌ರೂಮುಗಳು ನನ್ನ ತಲೆಗೆ ಬರುತ್ತಿದ್ದವು.

“ಇಲ್ಲ ಸರ್, ಚೆನ್ನಾಗೇ ನಡೀತದೆ” ಎಂದುಬಿಟ್ಟೆ.

ಅಂದು ಮಧ್ಯಾಹ್ನ ಗೆಸ್ಟುಗಳ ಕಾರು ಗೇಟಿಗೆ ಬಂದಾಗ ಅಕ್ಕ ಬಾತ್‌ರೂಮಿನ ನೆಲದಿಂದ ಏಳಲಾಗದೆ ಕೂತಿದ್ದಳು. ಅವಳ ಕೈಯಿಂದ ಬ್ರಶ್ಶು ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ.

“ಬುಡೇ ಮಹಾರಾಣಿ, ನಿನ್ನ ಬೆಡ್‌ಶೀಟು ಸುಕ್ಕಾಗ್ತದೆ, ಹೋಗು.”

“ಅಕ್ಕಾ, ನಾಳೆಯಿಂದ ಮೊದಲಿನಂಗೇ ಮಾಡಣ. ಈಗ್ಲೇ ಹೋಗಿ ಹೇಳ್ತೀನಿ.”

“ಬೆಳಿಗ್ಗೆ ಕೇಳ್ದಾಗ ಬಾಯಲ್ಲಿ ಏನಿಟ್ಕಂಡಿದ್ದೆ?”

ಹೋಗಿ ಸೂಪರ್‌ವೈಸರ್‌ಗೆ ಹೇಳಿದೆ, ಅವನು ಸುಲಭವಾಗಿಯೇ ಒಪ್ಪಿದ. ಕೆಲಸ ಮತ್ತೆ ಮೊದಲಿನಂತೆ ಅದಲುಬದಲಾಗತೊಡಗಿತು. ಆದರೆ ಅಕ್ಕನಿಗೆ ಮತ್ತೆ ಕೆಲಸಕ್ಕೆ ಬರಲಾಗಲಿಲ್ಲ. ನನ್ನ ಜೊತೆ ಸರದಿ ಹಂಚಿಕೊಂಡವಳು ಬೇರೊಬ್ಬಳು.