ದೊಡ್ಡಪ್ಪನ ಮುಖಕ್ಕೆ ಮಸಿ

ನಮ್ಮ ಕಡೆ ಲಗ್ನಪತ್ರಿಕೆಯನ್ನು ಮನೆಗೇ ಹೋಗಿ ಕೊಡಬೇಕು. ಅಂಚೆಯಲ್ಲಿ ಬಂದರೆ ಮದುವೆಗೆ ಹೋಗದಿರಲು ಅದೊಂದೇ ಕಾರಣ ಸಾಕು. ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ನನ್ನ ದೊಡ್ಡಪ್ಪ ಮಗಳ ಮದುವೆಯಲ್ಲಿ ಈ ತಿರುಗಾಟ ತಪ್ಪಿಸಿಕೊಳ್ಳಲು ಒಂದು ಉಪಾಯ ಹೂಡಿದರು. ನಾವು ಕೊಟ್ಟ ಫೋಟೋವನ್ನೇ ಹಾಕಿ ಅಂಚೆಯವರು ಸ್ಟ್ಯಾಂಪ್ ಮಾಡಿಕೊಡುತ್ತಾರೆಂದು ಗೊತ್ತಾದದ್ದೇ ತಡ, ತಲೆತುಂಬ ಕೂದಲಿದ್ದ ಕಾಲದ ತಮ್ಮ ಫೋಟೋ ಕೊಟ್ಟು ಹಾಳೆಗಟ್ಟಲೆ ಸ್ಟ್ಯಾಂಪ್ ತರಿಸಿದರು.

"ಲಕೋಟೆ ಮ್ಯಾಲೆ ನನ್ನ ಮುಖನೇ ಐತಲ್ಲೋ, ನಾನೇ ಬಂದಂಗೆ" ಎಂದು ಫೋನಿನಲ್ಲಿ ಹೇಳಿ, ಒಂದಷ್ಟು ಪತ್ರಿಕೆಗಳನ್ನು ಹರಿಹರದಲ್ಲಿ ಅಂಚೆಗೆ ಹಾಕಿದರು.

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನನ್ನ ಮನೆಗೆ ದೊಡ್ಡಪ್ಪ ಬಂದರು, ಹಣೆಯಿಂದ ಮೀಸೆಯವರೆಗೆ ಅಂಚೆಯ ಕಪ್ಪು ಮುದ್ರೆ ಹೊಡೆಸಿಕೊಂಡು. ದೇಶ ಕಟ್ಟಿದವರನ್ನೇ ಬಿಡದ ಮುದ್ರೆ ನಮ್ಮ ದೊಡ್ಡಪ್ಪನನ್ನು ಬಿಟ್ಟೀತೇ? ಪತ್ರಿಕೆ ಮುಟ್ಟಿತೆಂದು ನಾನು ಲಕೋಟೆಯ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಮದ್ವೆ ಮನೆ ಯಜಮಾನನ ಮುಖಕ್ಕೇ ಮಸಿ ಬಳ್ದಾರಲ್ಲೋ! ಬೀಗರು ನೋಡಿದ್ರೆ ಏನಂದಾರು?"

ಮರುದಿನವೇ ಉಳಿದ ಪತ್ರಿಕೆಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಮನೆ ತಿರುಗಲು ಹೊರಟರು. ನಮ್ಮಲ್ಲಿಗೂ ಬಂದು, ಮಸಿ ಬಿದ್ದ ಲಕೋಟೆಯನ್ನು ಕಸಿದುಕೊಂಡು ಹೊಸದೊಂದು ಕೊಟ್ಟರು. ಅದರ ಮೇಲೂ ಸ್ಟ್ಯಾಂಪ್ ಇತ್ತು.

"ನೀವೇ ಬಂದೀರಲ್ಲ ದೊಡ್ಡಪ್ಪ, ಮತ್ತೆ ಸ್ಟ್ಯಾಂಪ್ ಯಾಕ?"

ಅವರು ಬೋಳುತಲೆ ಸವರಿಕೊಂಡರು.

"ಇರ್ಲಿ ಬಿಡೋ. ಅದ್ರಾಗೆ ಕ್ರಾಪು ಚಲೋ ಬಂದೈತೆ."