ಮಂಚದಿಂದ ಬಿದ್ದವರಲ್ಲ

ತಲೆಗೆ ಬಿದ್ದ ಪೆಟ್ಟು ಮಿದುಳನ್ನು ಹೇಗೆ ಕೊಲ್ಲುತ್ತದೆಂದು ಬರೆದವರು ಬಹಳ ಮಂದಿ. ಆ ಪೆಟ್ಟಿನ ಬಗ್ಗೆ ಆಡಿದ ಸುಳ್ಳೂ ಕೊಲ್ಲುತ್ತದೆಂದು ಸಾಕ್ಷ್ಯಸಮೇತ ಬರೆದು ವೈದ್ಯಲೋಕದಿಂದ ಹೌದೆನ್ನಿಸಿಕೊಂಡವರು ನಮ್ಮ ಡಾ. ಪುಟ್ಟಸಿದ್ದಮ್ಮನವರು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳನ್ನು ಬಿಟ್ಟು ಬೇರೆಲ್ಲಿಗೂ ವರ್ಗ ಕೇಳದೆ ಮೂವತ್ತು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರಿಗೆ ಹಾರ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಅವರು ಎದುರಿಸಿದ ಸುಳ್ಳನ್ನು ಹೆಸರು ಹಿಡಿದು ಕರೆಯುವುದೇ ಅವರಿಗೆ ಒಪ್ಪುವ ಮರ್ಯಾದೆ.

ಅವರು ಹುಟ್ಟಿದ್ದು ರಾವಂದೂರು ಹೋಬಳಿಯ ಹೊಗೆಸೊಪ್ಪಿನ ಮನೆಯಲ್ಲಿ. ಅಪ್ಪನ ಬ್ಯಾರನ್ನಿನಲ್ಲಿ, ಅಂದರೆ ಹಸಿ ಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಎತ್ತರದ ಮನೆಯಲ್ಲಿ, ಬೆಂದ ಸೊಪ್ಪೇ ಅವರನ್ನು ಓದಿಸಿತು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನ ತುದಿಗೇರಿಸಲು, ಎರಡಾಳೆತ್ತರದ ಮೇಲೆ, ಒಂದೊಂದು ತೊಲೆಗೆ ಒಂದೊಂದು ಬರಿಗಾಲಿಟ್ಟು ನಿಲ್ಲುವವರು ಕೂಲಿಯಾಳುಗಳು. ಜಾರಿದರೆ ಹಿಡಿದುಕೊಳ್ಳಲು ಅಲ್ಲಿ ಸೊಪ್ಪಲ್ಲದೆ ಬೇರೇನೂ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರ ಶ್ರಾವಣ. ಡಾಕ್ಟರು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅವರ ತಮ್ಮ ರೇಣುಕಾಪ್ರಸಾದ್ ಒಂದು ಬೆಳಿಗ್ಗೆ ಸ್ವಾಮಿ ಎಂಬ ಆಳನ್ನು ಆಸ್ಪತ್ರೆಗೆ ಕರೆತಂದ.

"ಮಂಚದಿಂದ ಬಿದ್ದವ್ನೆ ಕಣಕ್ಕ. ಏನೂ ಆಗಿಲ್ಲ, ಒಂದ್ ಸೂಜಿ ಚುಚ್ಚಿ ಕಳ್ಸು."

ಸ್ವಾಮಿ ನಡೆದೇ ಬಂದಿದ್ದ, ನಗುತ್ತಲೂ ಇದ್ದ. ಯಜಮಾನನ ಮಾತಿಗೆ ತಲೆಯಾಡಿಸಿದ. ಡಾಕ್ಟರು ಕೇಸ್ ಶೀಟಿನಲ್ಲಿ 'ಮಂಚದಿಂದ ಬಿದ್ದದ್ದು' ಎಂದು ಬರೆದು ಮನೆಗೆ ಕಳಿಸಿದರು. ಬುರುಡೆಯೊಳಗೆ ರಕ್ತ ಒಸರುತ್ತಿದ್ದರೂ ಕೆಲವು ಗಂಟೆ ಮನುಷ್ಯ ನಕ್ಕು ಮಾತಾಡಿಕೊಂಡಿರಬಲ್ಲ. ಎತ್ತರದಿಂದ ಬಿದ್ದವನೆಂದು ತಿಳಿದಿದ್ದರೆ ಅವರು ಆಗಲೇ ಮೈಸೂರಿಗೆ ಸಾಗಿಸುತ್ತಿದ್ದರು. ಸಂಜೆಯೊಳಗೆ ಸ್ವಾಮಿ ತೀರಿಹೋದ.

ಮೂರನೆಯ ದಿನ ಅವರು ಸ್ವಾಮಿಯ ಮನೆಗೆ ಹೋದರು. ಅವನ ಹೆಂಡತಿ ಸಿದ್ದಲಿಂಗಮ್ಮ ಚಾಪೆ ಕೊಡವಿ ಹಾಸಿದಳು. "ಇದ್ರ ಮೇಲೇ ಕೂತ್ಕಳಿ ಡಾಕ್ಟ್ರವ್ವ, ಇನ್ನೇನಿಲ್ಲ."

"ಮಂಚ?"

"ಮಂಚವಾ! ನಮ್ಮತ್ತೆ ಕಾಲ್ದಿಂದ್ಲೂ ಈ ಮನೇಲಿ ಮಂಚ ಇಲ್ಲ ಕಣವ್ವ. ನಿಮ್ಮಪ್ಪಾರ ಬ್ಯಾರನ್ನಿಂದ ಬಿದ್ದ ನನ್ ಗಂಡ. ನಿಮ್ಗೆ ಯಾರೂ ಯೋಳ್ನಿಲ್ವಾ?"

ಯಾರೂ ಹೇಳಿರಲಿಲ್ಲ. ಆದರೆ ಬ್ಯಾರನ್ನಿನ ಮನೆಯ ಮಗಳಿಗೆ ಕೇಳಬೇಕೆಂದು ತೋಚಬೇಕಿತ್ತು. ಈ ಮಾತನ್ನು ಅವರು ತಮ್ಮ ಕಿರಿಯ ವೈದ್ಯರಿಗೆಲ್ಲ ಮೊದಲ ಪಾಠವಾಗಿ ಹೇಳಿದ್ದಾರೆ.

ಆಮೇಲೆ ಅವರು ಹಳೆಯ ಕೇಸ್ ಶೀಟುಗಳನ್ನು ಕೆದಕಿದರು. 'ಮಂಚದಿಂದ ಬಿದ್ದದ್ದು' ಎಂದು ಬರೆದಿದ್ದ ಮುನ್ನೂರ ಹದಿನೆಂಟು ಜನರ ಮನೆಗಳಿಗೆ, ಭಾನುವಾರ ಭಾನುವಾರ, ಹತ್ತು ವರ್ಷ ನಡೆದರು. ಗಾವಡಗೆರೆಯ ಕಡೆ ನಾಯಿ ಕಚ್ಚಿತು, ಬೆಟ್ಟದಪುರದ ಕಡೆ ಬ್ಯಾರನ್ ಯಜಮಾನರು ಅಡ್ಡಗಟ್ಟಿದರು. ನಾಯಿಯೇ ವಾಸಿ ಎನ್ನುತ್ತಾರೆ ಅವರು. ಇನ್ನೂರ ಮೂರು ಮನೆಗಳಲ್ಲಿ ಮಂಚವೇ ಇರಲಿಲ್ಲ! ಬ್ಯಾರನ್ನಿನಿಂದ ಬಿದ್ದರೆಂದರೆ ಯಜಮಾನರಿಗೆ ಪೊಲೀಸು, ಪರಿಹಾರ; ಮಂಚದಿಂದ ಎಂದರೆ ಏನೂ ಇಲ್ಲ. ಇಷ್ಟು ವರ್ಷ ಇಲ್ಲದ ಮಂಚಗಳಿಂದ ಬಡವರು ಬಿದ್ದು ಸತ್ತರೆ, ನಾವು ನಂಬಿಕೊಂಡು ಕೂತಿದ್ದೆವೇ?

ಈ ಲೆಕ್ಕವನ್ನೆಲ್ಲ ಬರೆದಿಟ್ಟ ಪ್ರಬಂಧ ಅಚ್ಚಿಗೆ ಹೋಗುವ ಮುನ್ನ ರೇಣುಕಾಪ್ರಸಾದ್ ಅಕ್ಕನ ಮನೆಗೆ ಬಂದ.

"ಬ್ಯಾರನ್ ಅಂತ್ಲೇ ಬರೀಬೇಕೇನಕ್ಕ? 'ಎತ್ತರದಿಂದ' ಅಂದ್ರೆ ಸಾಲ್ದಾ? ಅಪ್ಪನ್ ಹೆಸ್ರು ಬೀದಿಗ್ ಬತ್ತದೆ. ಅದೇ ಸೊಪ್ಪಲ್ವಾ ನಿನ್ನ ಡಾಕ್ಟ್ರು ಮಾಡಿದ್ದು?"

"ಅದೇ ಸೊಪ್ಪು ಕಣೋ. ಅದ್ಕೇ ನಾನೇ ಬರೀಬೇಕು."

"ಅಂಗಾದ್ರೆ ನಮ್ಮನೆ ಕಡೆ ತಲೆ ಹಾಕ್ಬೇಡ."

ಪದ ಉಳಿಯಿತು, ತವರು ಮುಚ್ಚಿತು. ಅದಕ್ಕೂ ಮೊದಲು ವರ್ಷಗಟ್ಟಲೆ ತಡೆದು ಎರಡು ಸಲ ಹಿಂದಿರುಗಿ ಬಂದಿದ್ದ ಪ್ರಬಂಧ ಮೂರನೆಯ ಸಲ, ಎರಡು ಸಾವಿರದ ಹತ್ತೊಂಬತ್ತರಲ್ಲಿ, ಅಚ್ಚಾಯಿತು. ಡಾಕ್ಟರು ಅದನ್ನು ಮೊದಲು ಒಯ್ದದ್ದು ಸಿದ್ದಲಿಂಗಮ್ಮನ ಚಾಪೆಗೆ. ಹೆಸರುಗಳಿಲ್ಲದ ಪಟ್ಟಿಯ ಮೊದಲ ಸಾಲಿನ ಮೇಲೆ ಅವಳ ಬೆರಳಿಟ್ಟು, "ಇದು ಸ್ವಾಮಿ. ಬ್ಯಾರನ್ನಿನಿಂದ ಬಿದ್ದು ತೀರಿಕೊಂಡದ್ದು ಅಂತ ಬರೆದಿದೆ" ಎಂದರು. ಸಿದ್ದಲಿಂಗಮ್ಮ ಆ ಸಾಲಿನ ತುದಿಯವರೆಗೂ ಬೆರಳು ಎಳೆದಳು.

ಇಂದು ಅವರ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರನ್ನು ಕೇಳುವ ಮೊದಲ ಪ್ರಶ್ನೆ, ಎಷ್ಟು ಎತ್ತರ, ಎಲ್ಲಿಂದ? ಕರೆತಂದವರನ್ನು ಆಚೆ ಕಳಿಸಿ, ಬಿದ್ದವರನ್ನೇ ಕೇಳುತ್ತಾರೆ. ಹೋದ ವರ್ಷದ ಸೊಪ್ಪಿನ ಕಾಲದಲ್ಲಿ ಒಂದು ಜೀಪು ಗೇಟಿಗೆ ಗುದ್ದುವಂತೆ ಬಂದು ನಿಂತಿತು. ಒಳಗೆ ಬಸವಮ್ಮ ಎಂಬ ಕೂಲಿ ಹೆಂಗಸು. ಇಳಿದು ಕೂಗಿದವನು ಐದು ವರ್ಷ ಮಾತು ಬಿಟ್ಟಿದ್ದ ರೇಣುಕಾಪ್ರಸಾದ್.

"ಅಕ್ಕ, ಬ್ಯಾರನ್ನಿಂದ ಬಿದ್ದವ್ಳೆ! ನಮ್ದೇ ಬ್ಯಾರನ್ನು, ಮೇಲಿನ್ ತೊಲೆಯಿಂದ! ಬ್ಯಾಗ ನೋಡು!"

ಬಸವಮ್ಮ ಆ ಗಳಿಗೆಯಲ್ಲೇ ಮೈಸೂರಿಗೆ ಹೋದಳು, ಬದುಕಿದಳು. ಈ ವರ್ಷ ಅವಳು ನೆಲದ ಮೇಲೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಾ, ಮೇಲೆ ಹತ್ತುವವರ ಸೊಂಟಕ್ಕೆ ಹಗ್ಗ ಬಿಗಿದಿದೆಯೋ ಇಲ್ಲವೋ ಎಂದು ಯಜಮಾನನನ್ನೇ ಗದರುತ್ತಾಳಂತೆ. ಗೆಲುವು ಎಂದರೆ ಇದೇ.

ಸರ್ಕಾರ ಡಾಕ್ಟರಿಗೆ ವಿಶ್ರಾಂತಿ ಕೊಟ್ಟಿದೆ; ನಾವು ಕೊಡುವುದಿಲ್ಲ. ಅವರು ಕಾಲಿಡದ ಊರುಗಳು ಕೋಟೆ ತಾಲ್ಲೂಕಿನಲ್ಲಿ ಇನ್ನೂ ಇವೆ, ಅವರ ಭಾನುವಾರಗಳೂ ಇವೆ. ಡಾಕ್ಟರ ಈ ಅಭಿನಂದನಾ ಸಂಪುಟಕ್ಕೆ ಏನು ಬರೆಸುತ್ತೀ ಎಂದು ಸಿದ್ದಲಿಂಗಮ್ಮನನ್ನು ಕೇಳಿದಾಗ ಅವಳು ಹೇಳಿದ್ದಿಷ್ಟು: "ನನ್ ಗಂಡ ಬದುಕ್ದೆ ಬುಟ್ಟೋದ ವರ್ಷವೆಲ್ಲ ಆವಮ್ಮಂಗೆ ಸೇರ್ಲಿ ಅಂತ ಬರ್ಕಳಿ."

ಬರೆದಿದ್ದೇವೆ.